ನುಂಗಿದ ಅಕ್ಷರದ ಬೆಲೆ ತಿಳಿಸಿದ ಹುಣಸೂರು ಕೃಷ್ಣಮೂರ್ತಿ

ಕಳೆದ ವರ್ಷ ಮೈಸೂರಿನ ಒಂದು ಕಚೇರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಫೋನ್ ಮಾಡುವ ಗ್ರಾಹಕರಿಗೆ ಕನ್ನಡದಲ್ಲಿ ಉತ್ತರ ಹೇಳುವ ಕೆಲಸ. ಡಿಗ್ರಿಯಲ್ಲಿ ಐಚ್ಛಿಕ ಕನ್ನಡ ಓದಿದವನಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೇನಿದೆ ಅಂದುಕೊಂಡೇ ಹೋದೆ. ಒಂದು ಹಾಳೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. ಆಮೇಲೆ ಊರು, ಮನೆ, ಓದಿನ ಬಗ್ಗೆ ನಾಲ್ಕು ಮಾತು ಆಡಿಸಿದರು. ಆಡಿದೆ. ಐದೇ ನಿಮಿಷದಲ್ಲಿ ತೀರ್ಮಾನ ಬಂತು. ನನಗೆ ವಿಷಯ ಗೊತ್ತಿದೆಯಂತೆ, ಆದರೆ ಮಾತಿನಲ್ಲಿ ಅಕ್ಷರ ನುಂಗುತ್ತೇನಂತೆ. ಹಳ್ಳಿಯ ಎಳೆತ ಜಾಸ್ತಿಯಂತೆ. ಅದನ್ನು ತಿದ್ದಿಕೊಂಡು ಬರಬೇಕಂತೆ.

ಅವರು ಹೇಳಿದ್ದು ಸುಳ್ಳಲ್ಲ. ನಮ್ಮದು ಗಾವಡಗೆರೆ ಹೋಬಳಿಯ ಒಂದು ಹಳ್ಳಿ. ನಮ್ಮ ಕಡೆ ಹುಣಸೂರು ಅನ್ನುವುದು ‘ಉಣ್ಸೂರು’ ಆಗುತ್ತದೆ. ಹಾಸನ ‘ಆಸ್ನ’ ಆಗುತ್ತದೆ. ಅದು ಯಾಕೆ ಅನ್ನುವುದು ‘ಅದ್ಯಾಕೆ’, ಇದು ಯಾವುದು ಅನ್ನುವುದು ‘ಇದ್ಯಾವ್ದು’. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೊದಲು ಕೇಳುವ ಪ್ರಶ್ನೆಯೇ ‘ನಿಂದ್ಯಾವೂರು’. ಅದಕ್ಕೆ ಉತ್ತರ ಹೇಳಿದ ಮೇಲೆ ಎರಡನೇ ಪ್ರಶ್ನೆ ಬರುತ್ತದೆ, ಯಾರ ಪೈಕಿ ಅಂತ. ಆ ಎರಡನೇ ಪ್ರಶ್ನೆಗೆ ನಾನು ಚಿಕ್ಕಂದಿನಿಂದಲೂ ಅಕ್ಷರ ನುಂಗಿಯೇ ಉತ್ತರ ಹೇಳಿದವನು. ನಮ್ಮ ಮನೆ ಇರುವುದು ಊರಿನ ಒಳಗಲ್ಲ, ಊರಾಚೆಯ ಕೇರಿಯಲ್ಲಿ.

ಮೈಸೂರು ಬಿಟ್ಟ ಬಸ್ಸು ಇಲವಾಲ, ಬಿಳಿಕೆರೆ ದಾಟಿ ಹುಣಸೂರಿನ ಕಡೆ ಓಡುತ್ತಿತ್ತು. ನಾನು ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಡ್ರೈವರ್ ಹಳೆಯ ಹಾಡುಗಳನ್ನು ಹಾಕಿದ್ದರು. ಒಂದಾದ ಮೇಲೊಂದು ಬರುತ್ತಾ ‘ಸತ್ಯ ಹರಿಶ್ಚಂದ್ರ’ ಚಿತ್ರದ ‘ಕುಲದಲ್ಲಿ ಕೀಳ್ಯಾವುದೋ’ ಶುರುವಾಯಿತು. ನಮ್ಮ ತಾತನ ಹಾಡು ಅದು. ಹುಟ್ಟಿದಾಗಿನಿಂದ ಕೇಳಿದ ಹಾಡು. ಆದರೆ ಆವತ್ತು ಮೊದಲ ಬಾರಿಗೆ ಒಂದು ವಿಷಯ ಕಿವಿಗೆ ಬಿತ್ತು. ಈ ಹಾಡಿನಲ್ಲೂ ಅಕ್ಷರ ನುಂಗಿದ್ದಾರೆ! ಕೀಳು ಯಾವುದೋ ಅಂತ ಇರಬೇಕಾದದ್ದು ಕೀಳ್ಯಾವುದೋ ಅಂತಿದೆ. ನಮ್ಮ ‘ನಿಂದ್ಯಾವೂರು’ ಇದ್ದ ಹಾಗೆಯೇ ಇದೆ. ನನಗೆ ಕೆಲಸ ತಪ್ಪಿಸಿದ ತಪ್ಪನ್ನೇ ಮಾಡಿರುವ ಹಾಡು ಅರವತ್ತು ವರ್ಷದಿಂದ ನಾಡಿನ ಬಾಯಲ್ಲಿ ಉಳಿದದ್ದು ಹೇಗೆ?

ಮನೆಗೆ ಬಂದವನು ಆ ಹಾಡು ಬರೆದವರ ಹೆಸರು ಹುಡುಕಿದೆ. ಹುಣಸೂರು ಕೃಷ್ಣಮೂರ್ತಿ. ನಮ್ಮ ತಾಲ್ಲೂಕು ಕೇಂದ್ರದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು. ಆ ಹೆಸರು ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದೆ, ನಮ್ಮೂರಿನವರು ಅಂತ ಹೆಮ್ಮೆಯಿಂದ ಹೇಳಿಕೊಂಡೂ ಇದ್ದೆ. ಆದರೆ ಅವರು ಏನು ಮಾಡಿದರು ಅಂತ ತಿಳಿದುಕೊಂಡಿರಲಿಲ್ಲ. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅವರ ಸಿನಿಮಾಗಳನ್ನು ಒಂದೊಂದಾಗಿ ನೋಡಿದೆ, ಹಾಡುಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿದೆ. ಹಾಗೆ ತಿಳಿದದ್ದನ್ನು ನನ್ನಂತೆ ಇಂಟರ್‌ವ್ಯೂ ಬಾಗಿಲಲ್ಲಿ ನಿಂತಿರುವ ಗೆಳೆಯ ಗೆಳತಿಯರಿಗೆ ಹೇಳಬೇಕೆನಿಸಿತು.

ಕೃಷ್ಣಮೂರ್ತಿಯವರು ಹುಟ್ಟಿದ್ದು 1914ರ ಫೆಬ್ರವರಿ 9ರಂದು, ಹುಣಸೂರಿನಲ್ಲಿ. ಆಗ ಸಿನಿಮಾಕ್ಕೆ ಮಾತೇ ಬಂದಿರಲಿಲ್ಲ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬಂದದ್ದು 1931ರಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಅಂದರೆ ಕನ್ನಡ ಸಿನಿಮಾ ಬಾಯಿಬಿಟ್ಟಾಗ ಇವರಿಗೆ ಇಪ್ಪತ್ತು ತುಂಬಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅಲ್ಲಿಯವರೆಗೆ ಕನ್ನಡಿಗರ ಮನರಂಜನೆಯೆಂದರೆ ನಾಟಕ ಕಂಪನಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಊರೂರಿಗೆ ಹೋಗಿ ಟೆಂಟು ಹಾಕಿ ತಿಂಗಳುಗಟ್ಟಲೆ ನಾಟಕ ಆಡುತ್ತಿದ್ದ ಕಾಲ ಅದು. ಕೃಷ್ಣಮೂರ್ತಿಯವರೂ ಆ ಕಂಪನಿ ರಂಗಭೂಮಿಯಿಂದಲೇ ಸಿನಿಮಾಕ್ಕೆ ಬಂದವರು.

ಇದು ಚಿಕ್ಕ ವಿಷಯವಲ್ಲ. ಕಂಪನಿ ನಾಟಕದ ಹಳೆಯ ದಿನಗಳಲ್ಲಿ ಮೈಕ್ ಇರಲಿಲ್ಲ. ನೆಲದ ಮೇಲೆ ಕೂತ ಕೊನೆಯ ಸಾಲಿನವನಿಗೂ ಮಾತು ಕೇಳಬೇಕು. ಹತ್ತಿರ ಕೂತ ಹಾರ್ಮೋನಿಯಂ ಮೇಷ್ಟ್ರ ಸ್ವರವನ್ನು ದಾಟಿ ಕೇಳಬೇಕು. ಹಾಗಾಗಿ ಕಂಪನಿಗೆ ಹಾಡು, ಮಾತು ಬರೆಯುವವರು ಕಣ್ಣಿಗಾಗಿ ಬರೆಯುವಂತಿರಲಿಲ್ಲ. ಯಾವ ಸ್ವರವನ್ನು ನಟ ಎಳೆಯಬಹುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಗೊತ್ತಿರಬೇಕಿತ್ತು. ಗೊತ್ತಿಲ್ಲದೆ ಬರೆದರೆ ಮೊದಲ ದಿನವೇ ಜನ ಗಲಾಟೆ ಮಾಡಿ ತಿಳಿಸುತ್ತಿದ್ದರು. ಸಂಭಾಷಣೆ, ಹಾಡು, ನಟನೆ, ನಿರ್ದೇಶನ, ನಿರ್ಮಾಣ ಅಂತ ಮುಂದೆ ಕೃಷ್ಣಮೂರ್ತಿಯವರು ಸಿನಿಮಾದಲ್ಲಿ ಮಾಡದ ಕೆಲಸವಿಲ್ಲ. ಆದರೆ ಅವರ ಎಲ್ಲ ಕೆಲಸದ ಬೇರು ಇಲ್ಲಿದೆ ಅಂತ ನನಗನಿಸುತ್ತದೆ. ಅವರು ಬಾಯಿಗಾಗಿ ಬರೆದವರು.

1958ರಲ್ಲಿ ಅವರು ‘ಶ್ರೀಕೃಷ್ಣ ಗಾರುಡಿ’ ನಿರ್ದೇಶಿಸಿದರು. ಕುರುಕ್ಷೇತ್ರ ಗೆದ್ದ ಸೊಕ್ಕಿನಲ್ಲಿದ್ದ ಭೀಮಾರ್ಜುನರ ಗರ್ವವನ್ನು ಕೃಷ್ಣ ಗಾರುಡಿಗನ ವೇಷದಲ್ಲಿ ಬಂದು ಇಳಿಸುವ ಕಥೆ. ಅದರ ‘ಬೊಂಬೆಯಾಟವಯ್ಯಾ’ ಹಾಡು ಇಂದಿಗೂ ರೇಡಿಯೋದಲ್ಲಿ ಬರುತ್ತದೆ. ಮನುಷ್ಯ ಬೊಂಬೆ, ದಾರ ಹಿಡಿದವನು ದೇವರು ಅನ್ನುವ ಮಾತು ನಮ್ಮಲ್ಲಿ ಹಳೆಯದು. ಹೊಸದು ಅದನ್ನು ಕಟ್ಟಿದ ರೀತಿ. ಸೂತ್ರ, ಪಾತ್ರ ಅನ್ನುವ ಎರಡು ಪದಗಳನ್ನು ಅವರು ಜೋಡಿ ಮಾಡುತ್ತಾರೆ. ಒಂದೊಂದು ಸಲ ನೀವೇ ಹೇಳಿ ನೋಡಿ. ಮೊದಲಕ್ಷರ ಮಾತ್ರ ಬೇರೆ, ಬಾಲ ಒಂದೇ. ಆಡಿಸುವವನಿಗೂ ಆಡುವವನಿಗೂ ಒಂದಕ್ಷರದಷ್ಟೇ ದೂರ. ದೊಡ್ಡ ತತ್ವವನ್ನು ವಿವರಿಸಲು ಹೋಗದೆ ಪ್ರಾಸದಲ್ಲೇ ಅಡಗಿಸಿಟ್ಟಿದ್ದಾರೆ. ಕೊನೆಗೆ ಬರುವ ‘ಅಯ್ಯಾ’ ನಮ್ಮ ವಚನಕಾರರು, ತತ್ವಪದ ಹಾಡುವವರು ಬಳಸಿದ ಕರೆ. ಆ ಆಕಾರವನ್ನು ಹಾಡುವವರು ಎಷ್ಟು ಬೇಕಾದರೂ ಎಳೆಯಬಹುದು. ಸಾಲಿನ ಕೊನೆಗೆ ಉದ್ದದ ಸ್ವರ ಇಡುವ ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕು ವರ್ಷದ ನಂತರ, 1962ರಲ್ಲಿ ‘ರತ್ನಮಂಜರಿ’ ಬಂತು. ಉದಯಕುಮಾರ್, ಲೀಲಾವತಿ ನಟಿಸಿದ ಚಿತ್ರ, ರಾಜನ್-ನಾಗೇಂದ್ರ ಸಂಗೀತ. ಅದರಲ್ಲಿ ಗೆಜ್ಜೆ, ಬಳೆಗಳ ಸದ್ದನ್ನೇ ಪ್ರಾಸ ಮಾಡಿಕೊಂಡ ಹಾಡೊಂದಿದೆ. ನಮ್ಮ ವ್ಯಾಕರಣದಲ್ಲಿ ಇಂಥ ಪದಗಳಿಗೆ ಅನುಕರಣಾವ್ಯಯ ಅನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಝಣಝಣ, ಠಣಠಣ, ಚಟಚಟ ಅಂತ ಉದಾಹರಣೆ ಉರು ಹೊಡೆದಿರುತ್ತೀರಿ. ಉರು ಹೊಡೆದಾಗ ಅದು ಒಂದು ಅಂಕದ ಪ್ರಶ್ನೆ. ಈ ಹಾಡಿನಲ್ಲಿ ಅದೇ ತಾಳವಾಗಿದೆ. ಕಾಲಿನ ಸದ್ದಿಗೆ ಒಂದು ಪದ, ಕೈಯ ಸದ್ದಿಗೆ ಇನ್ನೊಂದು ಪದ, ಎರಡರ ಕೊನೆಗೂ ಒತ್ತು ಕೊಟ್ಟ ಕಕಾರ. ಆ ಒತ್ತಿನಲ್ಲಿ ನಾಲಿಗೆ ಒಂದು ಕ್ಷಣ ತಡೆದು ಬಿಡುತ್ತದೆ. ತಾಳಕ್ಕೆ ಬೇಕಾದ ಪೆಟ್ಟು ಆ ತಡೆಯಲ್ಲೇ ಸಿಗುತ್ತದೆ. ತಬಲ ಇಲ್ಲದೆ ಬಾಯಲ್ಲೇ ಹೇಳಿದರೂ ಕುಣಿತ ಬರುತ್ತದೆ.

ಇನ್ನು ‘ಸತ್ಯ ಹರಿಶ್ಚಂದ್ರ’. 1965ರಲ್ಲಿ ಬಂದ ಈ ಚಿತ್ರದ ನಿರ್ಮಾಪಕರು ಕೆ.ವಿ.ರೆಡ್ಡಿ. ಅದೇ ವರ್ಷ ಅವರು ಎನ್.ಟಿ.ರಾಮರಾವ್ ಅವರನ್ನು ಹಾಕಿಕೊಂಡು ತೆಲುಗಿನಲ್ಲೂ ಹರಿಶ್ಚಂದ್ರನ ಕಥೆ ತೆರೆಗೆ ತಂದರು. ಕನ್ನಡ ಚಿತ್ರದ ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು. ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರೀಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ. ಸ್ಮಶಾನದ ಒಡೆಯ ವೀರಬಾಹುವಾಗಿ ನಮ್ಮ ಮೈಸೂರಿನ ಕುಸ್ತಿ ಪಟು ಎಂ.ಪಿ.ಶಂಕರ್. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ಇದಕ್ಕೆ ಸಿಕ್ಕಿತು. 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಬಂದು ನೋಡಿದರು.

ಕಥೆ ಎಲ್ಲರಿಗೂ ಗೊತ್ತು. ಸತ್ಯಕ್ಕಾಗಿ ರಾಜ್ಯ ಕಳೆದುಕೊಂಡ ರಾಜ ಕಾಶಿಯಲ್ಲಿ ತನ್ನನ್ನೇ ಮಾರಿಕೊಳ್ಳುತ್ತಾನೆ. ಕೊಳ್ಳುವವನು ಸುಡುಗಾಡು ಕಾಯುವ ವೀರಬಾಹು. ಸೂರ್ಯವಂಶದ ದೊರೆಗೆ ಊರು ಮುಟ್ಟಿಸಿಕೊಳ್ಳದವನು ಧಣಿಯಾಗುತ್ತಾನೆ. ಕನ್ನಡದಲ್ಲಿ ಈ ಕಥೆಯನ್ನು ಹದಿಮೂರನೇ ಶತಮಾನದಲ್ಲೇ ರಾಘವಾಂಕ ಷಟ್ಪದಿಯಲ್ಲಿ ಬರೆದ. ಅವನ ಕಾವ್ಯದಲ್ಲಿ ಹಾಡುವ ಇಬ್ಬರು ಹುಡುಗಿಯರು ರಾಜನನ್ನು ಕೇಳುವ ಪ್ರಶ್ನೆಗಳು ಡಿಗ್ರಿಯಲ್ಲಿ ನಮಗೆ ಪಾಠವಾಗಿದ್ದವು. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ಬಂತು ಅನ್ನುವ ಅರ್ಥದ ಪ್ರಶ್ನೆಗಳವು. ಏಳುನೂರು ವರ್ಷ ದಾಟಿದ ಮೇಲೆ ಹುಣಸೂರಿನ ಒಬ್ಬರು ಅದೇ ಪ್ರಶ್ನೆಯನ್ನು ವೀರಬಾಹುವಿನ ಬಾಯಿಗೆ ಕೊಟ್ಟರು. ಈ ಸಲ ಷಟ್ಪದಿಯಲ್ಲಲ್ಲ, ಆಡುಮಾತಿನಲ್ಲಿ.

ಈಗ ನನ್ನ ಅಕ್ಷರ ನುಂಗಿದ ಕಥೆಗೆ ಬರುತ್ತೇನೆ. ಹಾಡಿನ ಹೆಸರಿನಲ್ಲಿರುವ ಎರಡೇ ಪದಗಳನ್ನು ತೆಗೆದುಕೊಳ್ಳಿ. ಕುಲ ಅನ್ನುವಲ್ಲಿ ಇರುವುದು ಕ ಮತ್ತು ಲ. ಕೀಳು ಅನ್ನುವಲ್ಲಿ ಇರುವುದು ಕ ಮತ್ತು ಳ. ಎರಡು ಪದದ ಎಲುಬು ಒಂದೇ. ನಾಲಿಗೆಯ ತುದಿ ಹಲ್ಲಿನ ಹತ್ತಿರ ತಗುಲಿದರೆ ಲ, ಸ್ವಲ್ಪ ಮಡಚಿ ಮೇಲೆ ತಗುಲಿದರೆ ಳ. ಕುಲಕ್ಕೂ ಕೀಳಿಗೂ ನಾಲಿಗೆಯ ಒಂದು ಮಡಿಕೆಯಷ್ಟೇ ವ್ಯತ್ಯಾಸ. ಬರೆದವರು ಇದನ್ನು ಲೆಕ್ಕ ಹಾಕಿ ಮಾಡಿದರೋ ಕಿವಿ ತಾನಾಗಿ ಆರಿಸಿತೋ, ಹಾಡಿದಾಗ ಮಾತ್ರ ಈ ಎರಡು ಪದ ಅಣ್ಣ ತಮ್ಮಂದಿರ ಹಾಗೆ ಕೇಳಿಸುತ್ತವೆ.

ಎರಡನೆಯದು ಆ ನುಂಗಿದ ಉಕಾರ. ಊರು, ಅಲ್ಲಿ ಸೇರಿ ಊರಲ್ಲಿ ಆಗುವುದು ಲೋಪಸಂಧಿ. ಅಲ್ಲಿ ಸ್ವರದ ಮುಂದೆ ಸ್ವರ ಬಂದಿದೆ. ಆದರೆ ಕೀಳು ಆದ ಮೇಲೆ ಬರುವುದು ಯಾವುದೋ. ಯಕಾರ ವ್ಯಂಜನ. ಪುಸ್ತಕದ ನಿಯಮದ ಪ್ರಕಾರ ಇಲ್ಲಿ ಉಕಾರ ಬೀಳಬೇಕಿಲ್ಲ. ಪುಸ್ತಕ ಬೀಳಿಸದಿದ್ದರೂ ನಮ್ಮ ಜನ ಬೀಳಿಸುತ್ತಾರೆ. ಅದ್ಯಾಕೆ, ಇದ್ಯಾವ್ದು, ನಿಂದ್ಯಾವೂರು. ಕೃಷ್ಣಮೂರ್ತಿಯವರು ಈ ಆಡುಮಾತಿನ ನಿಯಮವನ್ನು ಎತ್ತಿಕೊಂಡರು. ಬೀಳಿಸಿದ್ದರಿಂದ ಏನಾಯಿತು ಅಂತ ಬೆರಳಲ್ಲಿ ಎಣಿಸಿ. ಕುಲದಲ್ಲಿ, ನಾಲ್ಕು ಅಕ್ಷರ. ಕೀಳು ಯಾವುದೋ ಅಂದಿದ್ದರೆ ಐದು. ಕೀಳ್ಯಾವುದೋ ಅಂದಿದ್ದರಿಂದ ನಾಲ್ಕು. ಎರಡು ಕಡೆಯೂ ತೂಕ ಸಮವಾಯಿತು. ಮೇಲು ಕೀಳು ಎಲ್ಲಿದೆ ಅಂತ ಕೇಳುವ ಸಾಲು ತಾನೇ ತಕ್ಕಡಿ ಹಿಡಿದು ನಿಂತಿದೆ.

ಮೂರನೆಯದು ಕೊನೆಯ ಓಕಾರ. ಯಾವುದು ಅಂದರೆ ಬರೀ ಪ್ರಶ್ನೆ. ಯಾವುದೋ ಅಂದರೆ ಎರಡು ಅರ್ಥ. ಒಂದು, ದೂರದಲ್ಲಿರುವವನನ್ನು ಕೂಗಿ ಕೇಳುವ ಓ. ಹೊಲದ ಈ ಬದಿಯಿಂದ ಆ ಬದಿಗೆ ಕೂಗುವ ಓ. ಇನ್ನೊಂದು, ಯಾವುದೋ ಒಂದು ಅಂತೀವಲ್ಲ, ಹಾಗೆ, ಇಂಥದ್ದೇ ಅಂತ ಬೆರಳು ಮಾಡಿ ತೋರಿಸಲು ಯಾರಿಗೂ ಆಗದ್ದು. ಕೀಳಾದ ಕುಲ ಯಾವುದು ಅಂತ ಕೇಳುವ ಪ್ರಶ್ನೆಯೊಳಗೇ, ತೋರಿಸಲು ಆಗುವುದಿಲ್ಲ ಅನ್ನುವ ಉತ್ತರವೂ ಇದೆ. ಆ ಓಕಾರವನ್ನು ಹಾಡುವವನು ಎಳೆದಷ್ಟೂ ಪ್ರಶ್ನೆ ಕೇಳುವವನ ಮುಂದೆ ನಿಂತೇ ಇರುತ್ತದೆ. ಅಂದರೆ ಇವರು ಒಂದು ಸ್ವರವನ್ನು ಬಿಟ್ಟು ಇನ್ನೊಂದು ಸ್ವರವನ್ನು ಹಿಡಿದರು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅಂತ ಅವರಿಗೆ ಗೊತ್ತಿತ್ತು. ನಾನು ಇಂಟರ್‌ವ್ಯೂನಲ್ಲಿ ಎರಡನ್ನೂ ಬಿಟ್ಟಿದ್ದೆ.

ಇನ್ನೊಂದು ಚಿಕ್ಕ ಪದ ನೋಡಿ. ಎದುರಿಗಿದ್ದವನನ್ನು ಹಾಡು ಹುಚ್ಚಪ್ಪ ಅಂತ ಕರೆಯುತ್ತದೆ. ಹುಚ್ಚ ಅಂದಿದ್ದರೆ ಬೈಗುಳ, ಜಗಳ ಅಲ್ಲಿಗೇ ಶುರು. ಕೊನೆಗೆ ಅಪ್ಪ ಸೇರಿಸಿದ್ದರಿಂದ ಅದು ಮನೆಯ ಹಿರಿಯರು ತಿಳಿಹೇಳುವ ಮಾತಾಯಿತು. ಕುಲದ ಗರ್ವದಲ್ಲಿರುವವನ ಮೇಲೆ ಕೋಪ ಮಾಡಿಕೊಳ್ಳದೆ, ಅಯ್ಯೋ ಪಾಪ ಅಂತ ಮರುಕ ತೋರಿಸುವ ದನಿ. ಸುಡುಗಾಡು ಕಾಯುವವನು ಊರಿನವರಿಗಿಂತ ಎತ್ತರದಲ್ಲಿ ನಿಂತು ಮಾತಾಡುವಂತೆ ಮಾಡಿದ್ದು ಆ ಎರಡಕ್ಷರ.

ಈ ಹಾಡಿಗೆ ಸಂಗೀತ ಕೊಟ್ಟವರು ಪೆಂಡ್ಯಾಲ ನಾಗೇಶ್ವರರಾವ್, ಹಾಡಿದವರು ಘಂಟಸಾಲ. ಇಬ್ಬರೂ ಆಂಧ್ರದವರು, ಇಬ್ಬರ ಮನೆಮಾತೂ ತೆಲುಗು. ಆದರೂ ಹಾಡು ಕೇಳಿದರೆ ನಮ್ಮ ಸೀಮೆಯವರೇ ಹಾಡಿದ ಹಾಗಿದೆ. ಯಾಕೆಂದರೆ ಎಲ್ಲಿ ನುಂಗಬೇಕು, ಎಲ್ಲಿ ಎಳೆಯಬೇಕು ಅನ್ನುವುದನ್ನು ಬರೆದವರು ಕಾಗದದ ಮೇಲೆಯೇ ಬರೆದುಬಿಟ್ಟಿದ್ದಾರೆ. ಬೇರೆ ರೀತಿ ಹಾಡಲು ದಾರಿಯೇ ಇಲ್ಲ.

ನಮ್ಮ ತಾತನಿಗೂ ಈ ಹಾಡಿಗೂ ಇರುವ ನಂಟು ಹೇಳದಿದ್ದರೆ ಈ ಬರಹ ಮುಗಿಯುವುದಿಲ್ಲ. ಸಿನಿಮಾ ಬಂದ ಕೆಲವು ವರ್ಷಕ್ಕೆ ನಮ್ಮೂರ ಹಬ್ಬದಲ್ಲಿ ಹರಿಶ್ಚಂದ್ರ ನಾಟಕ ಆಡಿದರಂತೆ. ಎಲ್ಲ ಪಾರ್ಟಿಗೂ ಜನ ಸಿಕ್ಕರು. ಸುಡುಗಾಡು ಕಾಯುವ ವೀರಬಾಹು ಪಾರ್ಟು ಮಾಡಲು ಊರೊಳಗಿನವರು ಒಬ್ಬರೂ ಒಪ್ಪಲಿಲ್ಲ. ಕೇರಿಗೆ ಹೇಳಿ ಕಳಿಸಿದರು. ಇಪ್ಪತ್ತು ದಾಟಿದ್ದ ತಾತ ಹೋದ. ಓದು ಬರಹ ಇಲ್ಲ, ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟದ್ದನ್ನು ಕೇಳಿಯೇ ಕಲಿತ. ಸಿನಿಮಾದ ಹಾಡನ್ನು ಮೇಷ್ಟ್ರು ನಾಟಕಕ್ಕೆ ಸೇರಿಸಿದ್ದರು. ಉಳಿದವರಿಗೆ ಸಾಲು ಬಾಯಿಪಾಠ ಮಾಡಲು ವಾರ ಹಿಡಿದರೆ ತಾತನಿಗೆ ಒಂದೇ ದಿನ ಸಾಕಾಯಿತಂತೆ. ಹಾಡು ತಾತನ ಮಾತಿನಲ್ಲೇ ಇತ್ತಲ್ಲ.

ಆ ರಾತ್ರಿ ಊರೇ ಸುಮ್ಮನೆ ಕೂತು ಕೇಳಿತಂತೆ. ಒನ್ಸ್ ಮೋರ್ ಅಂತ ಕೂಗಿ ಎರಡು ಸಲ ಹಾಡಿಸಿದರಂತೆ. ಬೆಳಗ್ಗೆ ಬಣ್ಣ ಒರೆಸಿಕೊಂಡು ಹೋಟೆಲಿಗೆ ಹೋದ ತಾತ ಎಂದಿನಂತೆ ಹೊರಗೇ ನಿಂತು ಟೀ ಕುಡಿದ. ಒನ್ಸ್ ಮೋರ್ ಕೂಗಿದವರು ಒಳಗೆ ಬೆಂಚಿನ ಮೇಲೆ ಕೂತಿದ್ದರು. ಇದನ್ನು ತಾತ ನಗುತ್ತಲೇ ಹೇಳುತ್ತಾನೆ. ನನಗೆ ನಗು ಬರುವುದಿಲ್ಲ. ಒಂದು ಹಾಡಿನಿಂದ ಲೋಕ ಬದಲಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಆಮೇಲಿನ ಹತ್ತು ವರ್ಷ ಆ ನಾಟಕ ಆಡಿದಾಗೆಲ್ಲ ವೀರಬಾಹು ಪಾರ್ಟಿಗೆ ಊರೊಳಗಿನವರೂ ಪೈಪೋಟಿಗೆ ಬಂದರಂತೆ. ಹಾಡು ಅವರಿಗೂ ಬೇಕಾಗಿತ್ತು. ಅಷ್ಟು ಮಾತ್ರ ಬದಲಾಯಿತು.

ಕೃಷ್ಣಮೂರ್ತಿಯವರ ಬದುಕಿಗೆ ಮತ್ತೆ ಬರೋಣ. ಅವರು ತಮ್ಮ ಊರಿನವರನ್ನು ಮರೆತವರಲ್ಲ. ಹುಣಸೂರಿನಲ್ಲೇ 1942ರಲ್ಲಿ ಹುಟ್ಟಿದ ದ್ವಾರಕೀಶ್ ಅವರಿಗೆ ಇವರು ಸೋದರಮಾವ. ದ್ವಾರಕೀಶ್ ಮೊದಲು ಬಣ್ಣ ಹಚ್ಚಿದ ‘ವೀರ ಸಂಕಲ್ಪ’ (1964) ಮಾವನ ನಿರ್ದೇಶನದ ಚಿತ್ರ. ಕುಳ್ಳ ಅಂತ ಕರೆಸಿಕೊಂಡೇ ಕನ್ನಡದ ದೊಡ್ಡ ನಿರ್ಮಾಪಕರಾಗಿ ಬೆಳೆದವರ ಮೊದಲ ಮೆಟ್ಟಿಲು ಅದು.

1974ರಲ್ಲಿ ‘ಭಕ್ತ ಕುಂಬಾರ’ ಬಂತು. ಪಂಢರಪುರದ ವಿಠ್ಠಲನ ಭಕ್ತ, ಕುಂಬಾರ ಗೋರನ ಕಥೆ. ಮಣ್ಣು ತುಳಿಯುವಾಗ ಭಜನೆಯಲ್ಲಿ ಮೈಮರೆತು ತನ್ನ ಮಗುವನ್ನೇ ತುಳಿದುಬಿಟ್ಟವನು. ಅದರಲ್ಲಿ ಮನುಷ್ಯನ ದೇಹವನ್ನು ಮೂಳೆ ಮಾಂಸದ ತಡಿಕೆ ಅಂದ ಹಾಡು ಕೃಷ್ಣಮೂರ್ತಿಯವರದು. ತಡಿಕೆ ಅಂದರೆ ಪಟ್ಟಣದ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಬಿದಿರ ದಬ್ಬೆ, ಕಡ್ಡಿ ಹೆಣೆದು ಗುಡಿಸಲಿಗೆ ಬಾಗಿಲಾಗಿ, ಗೋಡೆಯಾಗಿ ನಿಲ್ಲಿಸುವುದು. ಗಾಳಿ ಜೋರಾಗಿ ಬೀಸಿದರೆ ಅಲ್ಲಾಡುತ್ತದೆ, ಸಂದಿಯಲ್ಲಿ ಬೆಳಕು ತೂರುತ್ತದೆ. ದೇಹ ನಶ್ವರ ಅಂತ ಸಂಸ್ಕೃತದಲ್ಲಿ ಹೇಳಿದ್ದರೆ ತಲೆದೂಗಿ ಮರೆಯುತ್ತಿದ್ದೆವು. ತಡಿಕೆ ಅಂದ ತಕ್ಷಣ ನಮ್ಮ ಹಳೆಯ ಮನೆಯ ಹಿತ್ತಲ ಬಾಗಿಲು ಕಣ್ಣಿಗೆ ಬಂತು. ಆ ಸಾಲಿನ ಮೊದಲ ಮೂರು ಪದಗಳೂ ಮಕಾರದಿಂದ ಶುರುವಾಗುತ್ತವೆ, ಮೂರಕ್ಕೂ ಮೊದಲಲ್ಲೇ ದೀರ್ಘ ಸ್ವರ. ಮ ಅನ್ನಲು ತುಟಿ ಮುಚ್ಚಬೇಕು, ದೀರ್ಘಕ್ಕೆ ಬಾಯಿ ತೆರೆಯಬೇಕು. ಮುಚ್ಚಿ ತೆರೆದು, ಮುಚ್ಚಿ ತೆರೆದು, ಕೊನೆಗೆ ತಡಿಕೆ ಅನ್ನುವಾಗ ಮೂರೂ ಅಕ್ಷರ ಹ್ರಸ್ವ, ಪಟಪಟ ಉದುರಿಹೋಗುತ್ತದೆ. ಪಿ.ಬಿ.ಶ್ರೀನಿವಾಸ್ ಅವರ ಮೆತ್ತನೆ ಕಂಠದಲ್ಲಿ ಇದನ್ನು ಕೇಳಿ ನೋಡಿ.

ಮೂರು ವರ್ಷಕ್ಕೆ, 1977ರಲ್ಲಿ ‘ಬಭ್ರುವಾಹನ’. ರಾಜ್‌ಕುಮಾರ್ ಅರ್ಜುನನೂ ಹೌದು, ಮಗ ಬಭ್ರುವಾಹನನೂ ಹೌದು. ಯುದ್ಧಕ್ಕೆ ಮೊದಲು ತಂದೆ ಮಗ ಹಾಡಿನಲ್ಲೇ ಹೊಡೆದ ಹಾಗೆ ಮಾತಾಡಿಕೊಳ್ಳುವ ದೃಶ್ಯ ಇಂದಿಗೂ ಕಾಲೇಜು ವಾರ್ಷಿಕೋತ್ಸವಗಳಲ್ಲಿ ಬರುತ್ತದೆ. ತಂದೆಗೆ ಪಿ.ಬಿ.ಶ್ರೀನಿವಾಸ್ ಕಂಠ, ಮಗನಿಗೆ ಸ್ವತಃ ರಾಜ್‌ಕುಮಾರ್ ಕಂಠ, ಟಿ.ಜಿ.ಲಿಂಗಪ್ಪ ಸಂಗೀತ. ಕಂಪನಿ ನಾಟಕದಲ್ಲಿ ವೀರರು ಎದುರೆದುರು ನಿಂತು ಪದ್ಯ ಹಾಡುತ್ತಿದ್ದ ಪದ್ಧತಿಯೇ ಇಲ್ಲಿ ಸಿನಿಮಾಕ್ಕೆ ಬಂದಿದೆ. ಇಲ್ಲಿ ನುಂಗಿದ ಅಕ್ಷರ ಒಂದೂ ಸಿಗುವುದಿಲ್ಲ. ಮಹಾಪ್ರಾಣ, ಒತ್ತಕ್ಷರ ಎಲ್ಲವೂ ಎದೆಯಿಂದಲೇ ಬರಬೇಕು. ಸ್ಮಶಾನದ ವೀರಬಾಹುವಿಗೆ ಊರಿನ ನಾಲಿಗೆ, ಅರಮನೆಯ ವೀರರಿಗೆ ಅರಮನೆಯ ನಾಲಿಗೆ. ಒಂದನ್ನು ಮೇಲು, ಇನ್ನೊಂದನ್ನು ಕೀಳು ಅಂತ ಅವರು ನೋಡಲಿಲ್ಲ. ಪಾತ್ರಕ್ಕೆ ಯಾವುದು ಬೇಕೋ ಅದನ್ನು ಕೊಟ್ಟರು.

1980ರಲ್ಲಿ ಲೋಕೇಶ್ ನಟಿಸಿದ ‘ಭಕ್ತ ಸಿರಿಯಾಳ’ ಬಂತು. 1989ರ ಜನವರಿಯಲ್ಲಿ ಹುಣಸೂರು ಕೃಷ್ಣಮೂರ್ತಿಯವರು ತೀರಿಕೊಂಡರು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಹೋದವರು. ಆದರೂ ನನ್ನ ಮಾತು ತಿದ್ದಿದವರು ಅವರೇ.

ಹೇಗೆ ಅಂತ ಹೇಳುತ್ತೇನೆ. ಮೊದಮೊದಲು ನಾನು ಊರಿನ ಮಾತನ್ನೇ ಬಿಟ್ಟುಬಿಡಬೇಕು ಅಂದುಕೊಂಡಿದ್ದೆ. ಟಿವಿಯಲ್ಲಿ ವಾರ್ತೆ ಓದುವವರನ್ನು ನೋಡಿ ಹಾಗೇ ಮಾತಾಡಲು ಹೋದೆ. ಮನೆಯವರು ನಕ್ಕರು. ನನಗೂ ಬೇರೆ ಯಾರೋ ಮಾತಾಡಿದ ಹಾಗಿತ್ತು. ಕೃಷ್ಣಮೂರ್ತಿಯವರ ಹಾಡುಗಳನ್ನು ಓದಿದ ಮೇಲೆ ದಾರಿ ಬದಲಿಸಿದೆ. ದಿನಾ ಬೆಳಗ್ಗೆ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುತ್ತೇನೆ. ಉಸಿರು ತೆಗೆದುಕೊಳ್ಳುವಲ್ಲಿ ಪೆನ್ಸಿಲ್‌ನಿಂದ ಗೀಟು ಹಾಕುತ್ತೇನೆ. ಪದದ ಕೊನೆಯ ಸ್ವರಕ್ಕೆ ಅಡಿಗೆರೆ ಎಳೆಯುತ್ತೇನೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯಿತು, ನನ್ನ ತಪ್ಪು ‘ಅದ್ಯಾಕೆ’ ಅಂದದ್ದಲ್ಲ. ಹೆದರಿಕೆಯಲ್ಲಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ನನ್ನ ದನಿಯೇ ಸತ್ತುಹೋಗುತ್ತಿತ್ತು. ಹೌದು ಅನ್ನುವುದು ಕೇಳಿಸುತ್ತಿರಲಿಲ್ಲ, ಇಲ್ಲ ಅನ್ನುವುದೂ ಕೇಳಿಸುತ್ತಿರಲಿಲ್ಲ. ಊರ ಹೆಸರು, ಅಪ್ಪನ ಹೆಸರು, ಎಲ್ಲವನ್ನೂ ಅರ್ಧಕ್ಕೇ ನುಂಗುತ್ತಿದ್ದೆ. ಎರಡನೇ ಪ್ರಶ್ನೆ ಬರುತ್ತದೆ ಅನ್ನುವ ಭಯಕ್ಕೆ ಮೊದಲ ಪ್ರಶ್ನೆಯ ಉತ್ತರವನ್ನೂ ನುಂಗಿ ನುಂಗಿ ಅದೇ ಅಭ್ಯಾಸವಾಗಿತ್ತು.

ಇದನ್ನು ಓದುತ್ತಿರುವ ಎಷ್ಟೋ ಜನರಿಗೆ ಇದೇ ಕಷ್ಟ ಇರಬಹುದು. ಹಳ್ಳಿಯ ಮಾತು ಅಂತ ಯಾರಾದರೂ ಅಂದರೆ ಕುಗ್ಗಬೇಡಿ, ಹಾಗಂತ ಸಿಟ್ಟಾಗಿ ಎದ್ದೂ ಬರಬೇಡಿ. ಕಚೇರಿಗೆ ಕಚೇರಿಯ ಕನ್ನಡ ಬೇಕು, ಅದನ್ನು ಕಲಿಯೋಣ. ಮನೆಯ ಕನ್ನಡವನ್ನು ಅದಕ್ಕಾಗಿ ಒತ್ತೆ ಇಡಬೇಕಾಗಿಲ್ಲ. ಎರಡೂ ಬಾಯಲ್ಲಿ ಇಟ್ಟುಕೊಂಡ ನಮ್ಮೂರಿನವರೊಬ್ಬರು ಎರಡರಲ್ಲೂ ಹಾಡು ಕಟ್ಟಿದ್ದಾರೆ.

ಮೊನ್ನೆ ತಾತನ ಮುಂದೆ ಕೂತು ಹಾಡಿಸಿದೆ. ಎಪ್ಪತ್ತು ದಾಟಿದೆ, ಮುಂದಿನ ಹಲ್ಲು ಇಲ್ಲ. ಲ ಮತ್ತು ಳ ಒಂದೇ ಥರ ಕೇಳುತ್ತದೆ. ಆದರೆ ಕೊನೆಯ ಓಕಾರ ಬಂದಾಗ ತಾತ ಕಣ್ಣು ಮುಚ್ಚಿ, ಉಸಿರು ಇರುವಷ್ಟು ಹೊತ್ತು ಎಳೆದ. ಹಿಡಿಯಬೇಕಾದ್ದನ್ನು ಬಿಡಲಿಲ್ಲ.

ನನಗೆ ಇನ್ನೂ ಕೆಲಸ ಸಿಕ್ಕಿಲ್ಲ. ಬರುವ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ನಿಂದ್ಯಾವೂರು ಅಂತ ಖಂಡಿತ ಕೇಳುತ್ತಾರೆ. ಹುಣಸೂರು ತಾಲ್ಲೂಕು, ಗಾವಡಗೆರೆ ಹೋಬಳಿ ಅಂತ ಕೊನೆಯ ಅಕ್ಷರದವರೆಗೂ ಕೇಳಿಸುವಂತೆ ಹೇಳಬೇಕು ಅಂತ ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಎರಡನೇ ಪ್ರಶ್ನೆ ಕೇಳಿದರೆ, ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.